ರೆಡ್ ಲೇಡಿ ಪಪ್ಪಾಯ ಸಸಿ ಅಂದ ಮಾತ್ರಕ್ಕೆ ದುಡ್ಡು ಕೊಡಬೇಡಿ, ಬೀಜದ ಪ್ಯಾಕೆಟ್ ತೋರಿಸಲು ಹೇಳಿ

ಪಪ್ಪಾಯ ಸಸಿಗೆ ಅಡ್ವಾನ್ಸ್ ಕೊಡಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ.

ನಮ್ಮದು ಮಧುಗಿರಿ ಕಡೆ ಒಂದು ಎಕರೆ. ಎಂಟಕ್ಕೆ ಆರು ಅಡಿ ಅಂತರ ಬಿಟ್ಟರೆ 900 ಗಿಡ ಕೂರುತ್ತವೆ. ಹಾಕಿದರೆ ರೆಡ್ ಲೇಡಿನೇ ಹಾಕಬೇಕು ಅಂತ ಇತ್ತು. ಯಾಕೆ ಅಂತ ಬೆಳೆಯುವವರಿಗೆ ಗೊತ್ತು. ಈ ತೈವಾನ್ ಹೈಬ್ರಿಡ್‌ನಲ್ಲಿ ಗಂಡು ಗಿಡ ಬರುವುದಿಲ್ಲ. ಒಂದೋ ಹೆಣ್ಣು, ಇಲ್ಲವೇ ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿರುವ ಗಿಡ. ಎರಡೂ ಕಾಯಿ ಬಿಡುತ್ತವೆ. ಆ ನಂಬಿಕೆಗೇ ಅಲ್ವಾ ನಾವು ಜಾಸ್ತಿ ದುಡ್ಡು ಕೊಡುವುದು? ಸಸಿಗೆ 18 ರೂಪಾಯಿಯಂತೆ 16,200 ಎಣಿಸಿ ಕೊಟ್ಟೆ.

ಮನೆಗೂ ಹಣ್ಣು ಬೇಕಿತ್ತು. ಅಪ್ಪನಿಗೆ ಹೊಟ್ಟೆ ಕಟ್ಟುವ ತೊಂದರೆ. ದಿನಾ ನಾಲ್ಕು ಹೋಳು ಪಪ್ಪಾಯ ತಿನ್ನಿ, ನಾರಿನಂಶ ಇದೆ ಅಂತ ಡಾಕ್ಟರ್ ಹೇಳಿದ್ದರು. ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ನಿಷೇಧಿಸಿದ್ದಾರೆ, ನಿಜ. ಆದರೂ ಸಂತೆಯಲ್ಲಿ ತರುವಾಗ ಭಯ ಇದ್ದೇ ಇರುತ್ತದೆ. ನಮ್ಮ ತೋಟದ್ದೇ ತಿನ್ನಲಿ ಅಂದುಕೊಂಡೆ.

ಗೌರಿ ಹಬ್ಬ ಆದಮೇಲೆ ನಾಟಿ ಮಾಡಿದೆ. ಡ್ರಿಪ್ ಎಳೆಸಿದೆ, ಕೊಟ್ಟಿಗೆ ಗೊಬ್ಬರ ಹಾಕಿಸಿದೆ. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ ಅಂತ ಮಳೆ ಬಂದಾಗಲೆಲ್ಲ ಬದು ಕಡಿದು ನೀರು ಹೊರಗೆ ಬಿಟ್ಟೆ. 860 ಗಿಡ ಉಳಿದವು. ಸಂಕ್ರಾಂತಿ ಹೊತ್ತಿಗೆ ಹೂ ಬಂತು. ಉದ್ದನೆ ತೊಟ್ಟು, ಗೊಂಚಲು ಗೊಂಚಲಾಗಿ ಸಣ್ಣ ಬಿಳಿ ಹೂ ಜೋತು ಬಿದ್ದಿದ್ದವು. ನನಗೆ ಎಷ್ಟು ಖುಷಿ ಅಂದರೆ, ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದೆ. ಪಕ್ಕದ ಜಮೀನಿನ ಅಜ್ಜನನ್ನು ಕರೆದು ತೋರಿಸಿದೆ. ಅವರು ಒಂದು ಸಾಲು ನಡೆದರು. ಇನ್ನೊಂದು ಸಾಲು ನಡೆದರು. ಆಮೇಲೆ ಮೆಲ್ಲಗೆ ಹೇಳಿದರು, "ಇವು ಗಂಡು ಕಣಪ್ಪಾ. ಇದರಲ್ಲಿ ಏನು ಬರುತ್ತೆ?"

ಹೆಣ್ಣು ಹೂ ಕಾಂಡಕ್ಕೆ ಅಂಟಿಕೊಂಡಂತೆ ಇರುತ್ತದೆ, ಬುಡದಲ್ಲಿ ದಪ್ಪ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಆ ಫೋಟೋ ಕಳಿಸಿದ್ದೆ. ಅದೇ ಇನ್ನೂ ಚುಚ್ಚುತ್ತಿದೆ. ಒಂದೊಂದಕ್ಕೂ ಬಟ್ಟೆ ಚೂರು ಕಟ್ಟುತ್ತಾ ಎಣಿಸಿದೆ. 412 ಗಂಡು! ಹತ್ತಿರ ಹತ್ತಿರ ಅರ್ಧ. ರೆಡ್ ಲೇಡಿಯಲ್ಲಿ ಒಂದೂ ಬರಬಾರದು, ಒಂದೂ.

ನರ್ಸರಿಯವರಿಗೆ ಫೋನ್ ಮಾಡಿದೆ. "ಬಿಸಿಲು ಜಾಸ್ತಿ ಆದ್ರೆ ಹಂಗೆ ಗಂಡಾಗುತ್ತೆ ಸಾರ್, ಸರಿ ಹೋಗುತ್ತೆ." ಸಂಕ್ರಾಂತಿ ಚಳಿಯಲ್ಲಿ ಯಾವ ಬಿಸಿಲು? ಎರಡೂ ಇರುವ ಹೂಗಳು ಸೆಕೆಗೆ ಗಂಡು ಹೂವಿನಂತಾಗಿ ಕಾಯಿ ಕಚ್ಚದೆ ಉದುರುವುದು ಉಂಟು. ಆದರೆ ಹೀಗೆ ಉದ್ದ ತೊಟ್ಟಿನಲ್ಲಿ ಗೊಂಚಲು ಜೋತು ಬೀಳುವುದಿಲ್ಲ. ಅರ್ಧ ನಿಜ ಹೇಳಿ ನನ್ನ ಬಾಯಿ ಮುಚ್ಚಿಸಲು ನೋಡಿದರು.

ಎರಡನೇ ಸಲ ನೇರವಾಗಿ ಹೋದೆ. ಆಗ ಹೇಳಿದ್ದು ಕೇಳಿ. "ಗಂಡು ಗಿಡದ ಎಲೆ ಮಾರಿ ಸಾರ್, ಡೆಂಗ್ಯೂ ಬಂದವರು ಹುಡುಕ್ಕೊಂಡು ಬರ್ತಾರೆ." ನನ್ನ ಮಗಳು ಡೆಂಗ್ಯೂ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದವಳು. ಎಲೆ ರಸ ನಂಬಿ ಮನೆಯಲ್ಲಿ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ ಅಂತ ಡಾಕ್ಟರ್ ಬೈದೇ ಕಳಿಸಿದ್ದರು. ಈ ಮನುಷ್ಯ ಜ್ವರ ಬಂದವರಿಗೆ ನನ್ನ ಗಿಡದ ಎಲೆ ಮಾರು ಅನ್ನುತ್ತಾನೆ!

ದುಡ್ಡು ವಾಪಸ್ ಕೊಡಿ ಅಂದೆ. ಚೀಟಿ ಕೇಳಿದ. ಕೊಟ್ಟೆ. ಅದನ್ನು ನನ್ನ ಮುಖಕ್ಕೇ ಹಿಡಿದ. "ರೆಡ್ ಲೇಡಿ ಅಂತ ಎಲ್ಲಿದೆ ತೋರಿಸಿ." ನೋಡಿದೆ. "ಪಪ್ಪಾಯ ಸಸಿ 900" ಅಂತ ಅಷ್ಟೇ ಇತ್ತು. ಬಾಯಲ್ಲಿ ನೂರು ಸಲ ಹೇಳಿದ ಹೆಸರನ್ನು ಚೀಟಿಯಲ್ಲಿ ಒಂದು ಸಲವೂ ಬರೆದಿರಲಿಲ್ಲ. ನಾನೂ ಓದಿರಲಿಲ್ಲ.

ಹೆಣ್ಣು ಗಿಡಗಳಿಗೆ ಪರಾಗ ಬೇಕಲ್ಲ ಅಂತ ಹತ್ತು ಹೆಣ್ಣಿಗೆ ಒಂದರಂತೆ 45 ಗಂಡು ಗಿಡ ಬಿಟ್ಟು ಉಳಿದ 367 ಕಿತ್ತು ಹಾಕಿದೆ. ನಾಲ್ಕು ತಿಂಗಳ ನೀರು, ಗೊಬ್ಬರ, ಕೂಲಿ ಎಲ್ಲ ಹೋಯಿತು.

ಸಸಿ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗಲ್ಲ, ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಖಾಲಿ ಪ್ಯಾಕೆಟ್ ಕೇಳಿ, ಲಾಟ್ ನಂಬರ್ ಕೇಳಿ. ಬಿಲ್ಲಿನಲ್ಲಿ ತಳಿ ಹೆಸರು ಬರೆಸದೆ ಹಣ ಬಿಚ್ಚಬೇಡಿ. ಇಲ್ಲ ಅಂದರೆ ಬೀಜ ತಂದು ನೀವೇ ಸಸಿ ಮಾಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಸೂರ್ಯ ತಳಿಯಲ್ಲೂ ಗಂಡು ಗಿಡ ಬರುವುದಿಲ್ಲ. ನಾನಂತೂ ಇನ್ನು ಅದನ್ನೇ ಹಾಕುವುದು.

ಮೊನ್ನೆ ಆ ನರ್ಸರಿ ಮುಂದೆ ಹಾದು ಬಂದೆ. ಅದೇ ಬೋರ್ಡ್ ಇತ್ತು. ಒಬ್ಬ ಹುಡುಗ ಟೆಂಪೋಗೆ ಸಸಿ ಟ್ರೇ ಏರಿಸಿಕೊಳ್ಳುತ್ತಿದ್ದ. ಗಾಡಿ ನಿಲ್ಲಿಸಿ, "ಪ್ಯಾಕೆಟ್ ನೋಡಿದ್ಯೇನಪ್ಪಾ?" ಅಂತ ಕೇಳಿದೆ. ಅವನು ಏರಿಸಿದ ಟ್ರೇ ಕೆಳಗಿಟ್ಟು ಒಳಗೆ ಹೋದ.