ಭಜನೆಗೆ ಯಾವ ಹಾರ್ಮೋನಿಯಂ? ಸ್ಕೇಲ್ ಚೇಂಜರ್, ಕಾಲು ಪೆಟ್ಟಿಗೆ, ಸಾದಾ ಪೆಟ್ಟಿಗೆ

ಅಂಗಡಿಗೆ ಹೋಗಿ "ಭಜನೆಗೆ ಒಂದು ಹಾರ್ಮೋನಿಯಂ ಬೇಕು" ಅಂದರೆ ಅವರು ಮೊದಲು ತಂದು ಇಡುವುದು ಸ್ಕೇಲ್ ಚೇಂಜರ್. ಹೊಳಪು ಜಾಸ್ತಿ, ಬೆಲೆಯೂ ಜಾಸ್ತಿ. ನಾನು ಅದನ್ನು ಬಿಟ್ಟು ಸಾದಾ ಪೆಟ್ಟಿಗೆ ತಂದೆ. ಎರಡು ಸಾಲು ರೀಡು (ಗಾಳಿಗೆ ನಡುಗಿ ಸ್ವರ ಕೊಡುವ ಲೋಹದ ನಾಲಗೆ), ಒಂದು ಕಪ್ಲರ್ (ಅದೇನೆಂದು ಮುಂದೆ ಹೇಳುತ್ತೇನೆ), ಅಷ್ಟೇ. ಒಂದು ಪೂರ್ತಿ ಮಳೆಗಾಲ ಅದರಲ್ಲಿ ನುಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ಒಲವು ಯಾವ ಕಡೆಗೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಸ್ಕೇಲ್ ಚೇಂಜರ್ ನನಗೆ ಹೊಸದಲ್ಲ. ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಭಜನಾ ಮಂದಿರದಲ್ಲಿ ಇರುವುದು ಅದೇ. ವರ್ಷಗಟ್ಟಲೆ ನುಡಿಸಿದ್ದೇನೆ. ಅದರ ಉಪಾಯ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಕೀಗಳಿರುವ ಇಡೀ ಹಲಗೆ ಎಡಕ್ಕೂ ಬಲಕ್ಕೂ ಜಾರುತ್ತದೆ. ಒಂದು ಕಚ್ಚು ಜಾರಿಸಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ ಅಥವಾ ಇಳಿಯುತ್ತದೆ. ಬೆರಳಿಗೆ ಮಾತ್ರ ಷಡ್ಜ, ಅಂದರೆ 'ಸ', ಇದ್ದಲ್ಲೇ ಇರುತ್ತದೆ. ಮಾವ ಕಪ್ಪು ಒಂದರಲ್ಲಿ (ಸ್ಥಾಯಿಯ ಮೊದಲ ಕಪ್ಪು ಕೀಯ ಸ್ವರವೇ ಷಡ್ಜ) ಹಾಡಿ ಮುಗಿಸಿದರು, ಮುಂದಿನ ಹಾಡು ಅಕ್ಕನದ್ದು, ಅವರದ್ದು ಕಪ್ಪು ನಾಲ್ಕು. ಏಳು ಕಚ್ಚು ಜಾರಿಸಿದರೆ ಆಯಿತು. ಅದೇ ಬೆರಳು, ಅದೇ ಕೀ. ಕಲಿಯುವವರಿಗೆ ಇದು ದೊಡ್ಡ ನೆಮ್ಮದಿ.

ಕಿರಿಕಿರಿ ಶುರುವಾಗುವುದು ಜೂನ್‌ನಲ್ಲಿ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ತಿಂಗಳುಗಳಲ್ಲಿ ಬಾಗಿಲೇ ಮುಚ್ಚಿಕೊಳ್ಳುವುದಿಲ್ಲ, ಇನ್ನು ತೆಳ್ಳಗಿನ ಹಲಗೆಯ ಕಥೆ ಏನು? ಮರ ತೇವ ಹೀರಿ ಉಬ್ಬುತ್ತದೆ. ಜಾರಬೇಕಾದ ಹಲಗೆ ಜಾರುವುದಿಲ್ಲ. ಜೋರಾಗಿ ತಳ್ಳಿದರೆ ಎರಡು ಕಚ್ಚುಗಳ ನಡುವೆ ಹೋಗಿ ಸಿಕ್ಕಿಬೀಳುತ್ತದೆ. ಆಗ ಒಂದು ಕೀ ಒತ್ತಿದರೆ ಪಕ್ಕಪಕ್ಕದ ಎರಡು ಸ್ವರ ಒಟ್ಟಿಗೆ ಬರುತ್ತವೆ, ಇಲ್ಲವೇ ಏನೂ ಬರುವುದಿಲ್ಲ. ತಬಲದವರು ಸುತ್ತಿಗೆ ಕೆಳಗಿಟ್ಟು ನೋಡುತ್ತಾರೆ. "ಮಾಸ್ಟ್ರೇ, ಶ್ರುತಿ ಕೊಡಿ." "ತಡೀರಿ ಅಕ್ಕ, ಹಲಗೆ ಜಾರ್ತಾ ಇಲ್ಲ." ಕೊನೆಗೆ ಅಕ್ಕ ಮಾವನ ಶ್ರುತಿಯಲ್ಲೇ ಹಾಡಬೇಕು. ಕೆಳಗಿನ ಸ್ವರ ಕೇಳಿಸುವುದೇ ಇಲ್ಲ.

ನಾವು ಏನೂ ಮಾಡದೆ ಕೂತಿದ್ದಲ್ಲ. ಹಲಗೆಯ ಅಂಚಿಗೆ ಪೌಡರ್ ಹಾಕಿದೆವು, ಮೇಣದ ಬತ್ತಿ ಉಜ್ಜಿದೆವು. ಎಣ್ಣೆ ಹಾಕೋಣ ಅಂದವರನ್ನು ನಾನೇ ತಡೆದೆ. ಎಣ್ಣೆ ಒಳಗಿನ ಚರ್ಮಕ್ಕೂ ರೀಡಿಗೂ ಇಳಿದರೆ ಪೆಟ್ಟಿಗೆಯ ಕಥೆ ಮುಗಿಯಿತು. ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಹಳೆಯ ಕಾಲದ ಬಿಸಿಯಾಗುವ ಬಲ್ಬು ಉರಿಸಿದೆವು. ಅದು ಸ್ವಲ್ಪ ಕೆಲಸ ಮಾಡಿತು, ಕರೆಂಟು ಇದ್ದ ದಿನಗಳಲ್ಲಿ. ಆಮೇಲೆ ಮಂಗಳೂರಿಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋದೆವು. ರಿಪೇರಿಯವರು ಹಲಗೆಯ ಅಂಚನ್ನು ಕೀಸುಳಿ ಹಾಕಿ ಸ್ವಲ್ಪ ತೆಗೆದುಕೊಟ್ಟರು. ಆ ಮಳೆಗಾಲ ಬೆಣ್ಣೆಯಂತೆ ಜಾರಿತು. ಫೆಬ್ರವರಿ ಬಂತು, ಮರ ಒಣಗಿತು, ಈಗ ಹಲಗೆ ಅಲ್ಲಾಡಲು ಶುರು. ಕೀಗಳು ಒಂದಕ್ಕೊಂದು ತಾಗುತ್ತವೆ. ಮಳೆಗೆ ಸರಿ ಮಾಡಿದರೆ ಬೇಸಿಗೆಗೆ ಸಡಿಲ, ಬೇಸಿಗೆಗೆ ಸರಿ ಮಾಡಿದರೆ ಮಳೆಗೆ ಬಿಗಿ. ಒಣ ಊರಿನವರಿಗೆ ಈ ಗೋಳು ಇಷ್ಟು ಇರಲಾರದು.

ಇದಕ್ಕೆ ಜೋಡಿಯಾಗಿ ಇನ್ನೊಂದು. ತೇವಕ್ಕೆ ಯಾವ ಹಾರ್ಮೋನಿಯಂನಲ್ಲೂ ಒಂದು ಕೀ ಒತ್ತದೆಯೇ ಕೂಗುವುದುಂಟು. ಗಾಳಿಯ ತೂತನ್ನು ಮುಚ್ಚುವ ಪಟ್ಟಿ ಸರಿಯಾಗಿ ಕೂರದಿದ್ದರೆ ಹಾಗಾಗುತ್ತದೆ. ಸಾದಾ ಪೆಟ್ಟಿಗೆಯಲ್ಲಿ ಕೀ ಮತ್ತು ಆ ಪಟ್ಟಿ ಒಂದೇ ಮರದ ತುಂಡು. ಮೇಲಿನ ಮುಚ್ಚಳ ತೆಗೆದು, ಸ್ಪ್ರಿಂಗ್ ಎತ್ತಿ, ಚರ್ಮ ಒರೆಸಿ ಕೂರಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ಏಕಾಹದ (ಹಗಲು ರಾತ್ರಿ ನಿಲ್ಲದೆ ನಡೆಯುವ ಭಜನೆ) ನಡುವೆ, ಒಂದು ತಂಡ ಎದ್ದು ಇನ್ನೊಂದು ತಂಡ ಕೂರುವಷ್ಟರಲ್ಲಿ ನಾನು ಮಾಡಿದ್ದೇನೆ. ಸ್ಕೇಲ್ ಚೇಂಜರಿನಲ್ಲಿ ಕೀ ಬೇರೆ, ಪಟ್ಟಿ ಬೇರೆ. ಪಟ್ಟಿಯನ್ನು ನೋಡಬೇಕಾದರೆ ಮೊದಲು ಕೀಗಳ ಹಲಗೆಯನ್ನೇ ಹೊರಗೆ ತೆಗೆಯಬೇಕು. ರಾತ್ರಿ ಎರಡು ಗಂಟೆಗೆ ಯಾರು ಮಾಡುತ್ತಾರೆ?

ತೂಕ: ಮಂದಿರದ್ದು 16 ಕಿಲೋ, ನನ್ನದು 9. ನಗರ ಭಜನೆಯಲ್ಲಿ ಗುಡ್ಡ ಹತ್ತಿ, ತೋಟ ಇಳಿದು, ಸಂಕ (ಕಾಲುಸೇತುವೆ) ದಾಟಿ ಮನೆಯಿಂದ ಮನೆಗೆ ಹೋಗುವವರಿಗೆ ಇದರ ಮೇಲೆ ಭಾಷಣ ಬೇಡ.

ಕಾಲು ಪೆಟ್ಟಿಗೆಯನ್ನೂ ಕೆಲವು ದಿನ ನುಡಿಸಿ ನೋಡಿದೆ. ಕಂಪನಿ ನಾಟಕದ ಕಾಲದ್ದು, ಪರಿಚಯದವರ ಅಟ್ಟದಲ್ಲಿತ್ತು. ಕಾಲಲ್ಲಿ ಗಾಳಿ ಹಾಕುವುದರಿಂದ ಎರಡೂ ಕೈ ಬಿಡುವು. ನಾದ ತುಂಬ ತೂಕದ್ದು, ನಿಜವಾಗಿ ಆಸೆ ಹುಟ್ಟಿಸುವಂಥದ್ದು. 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಹಾರ್ಮೋನಿಯಂ ಹುಟ್ಟಿದ್ದೇ ಹೀಗೆ, ಕುರ್ಚಿಯಲ್ಲಿ ಕೂತು ಕಾಲಲ್ಲಿ ತುಳಿಯುವ ವಾದ್ಯವಾಗಿ. ಅಲ್ಲಿಯ ಎಷ್ಟೋ ಪೆಟ್ಟಿಗೆಗಳಲ್ಲಿ ಸದ್ದು ಏರಿಸಲು ಮೊಣಕಾಲಿನಿಂದ ತಳ್ಳುವ ಹಿಡಿಯೂ ಇರುತ್ತಿತ್ತು. ನೆಲದಲ್ಲಿ ಕೂರುವ ನಮ್ಮವರಿಗೆ ಕೈಯಲ್ಲಿ ಗಾಳಿ ಹಾಕುವ ಪೆಟ್ಟಿಗೆ ಮಾಡಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್, 1875ರಲ್ಲಿ. ಮಂದಿರದಲ್ಲಿ ಎಲ್ಲರೂ ಚಾಪೆಯಲ್ಲಿ, ನಾನೊಬ್ಬ ದೇವರ ಮುಂದೆ ಕುರ್ಚಿಯಲ್ಲಿ ಅಂದರೆ ಆಗುವ ಮಾತಲ್ಲ. ಅಲ್ಲಿಗೆ ಆ ಆಸೆ ಬಿಟ್ಟೆ.

ಎಲೆಕ್ಟ್ರಾನಿಕ್ ಕೀಬೋರ್ಡ್ ಬಗ್ಗೆ ಕೇಳುವವರಿದ್ದಾರೆ. ಮೈಕು ಕೈಕೊಟ್ಟ ದಿನ ಅದೂ ಕೈಕೊಡುತ್ತದೆ.

ಸರಿ, ಹಲಗೆ ಜಾರದ ಸಾದಾ ಪೆಟ್ಟಿಗೆಯಲ್ಲಿ ಶ್ರುತಿ ಬದಲಿಸುವುದು ಹೇಗೆ? ಬೆರಳು ಬದಲಿಸಬೇಕು, ಬೇರೆ ದಾರಿ ಇಲ್ಲ. ಆದರೆ ಹನ್ನೆರಡೂ ಶ್ರುತಿ ಕಲಿಯಬೇಕು ಅಂತ ಹೆದರಿಸುವವರ ಮಾತು ಸುಮ್ನೆ. ನಿಮ್ಮ ತಂಡದಲ್ಲಿ ಹಾಡುವವರು ಯಾರು ಅಂತ ನೋಡಿ. ನಮ್ಮಲ್ಲಿ ಬರುವುದು ನಾಲ್ಕೇ: ಗಂಡಸರಿಗೆ ಕಪ್ಪು ಒಂದು ಮತ್ತು ಬಿಳಿ ಎರಡು, ಹೆಂಗಸರಿಗೆ ಕಪ್ಪು ನಾಲ್ಕು, ಮಕ್ಕಳಿಗೆ ಕಪ್ಪು ಐದು.

ಕಪ್ಪು ಕೀಗಳಲ್ಲಿ ಒಂದು ಮಜಾ ಇದೆ. ಬಿಳಿ ಮುಟ್ಟದೆ ಐದು ಕಪ್ಪನ್ನೇ ನುಡಿಸುತ್ತಾ ಹೋಗಿ. ಕಪ್ಪು ಮೂರನ್ನು ಷಡ್ಜ ಮಾಡಿದರೆ ಮೋಹನ ರಾಗ. ಕಪ್ಪು ನಾಲ್ಕರಿಂದ ಹಿಡಿದರೆ ಮಧ್ಯಮಾವತಿ. ಐದರಿಂದ ಹಿಂದೋಳ. ಒಂದರಿಂದ ಶುದ್ಧ ಸಾವೇರಿ, ಎರಡರಿಂದ ಶುದ್ಧ ಧನ್ಯಾಸಿ. ಅಂದರೆ ಅಕ್ಕ ಕಪ್ಪು ನಾಲ್ಕರಲ್ಲಿ ಮಧ್ಯಮಾವತಿಯ ಮಂಗಳ ಹಾಡುವಾಗ ನನ್ನ ಬೆರಳಿಗೆ ತಪ್ಪಲು ಜಾಗವೇ ಇಲ್ಲ. ಬಿಳಿ ಎರಡರ ಮೋಹನಕ್ಕೆ ಮಾತ್ರ ಕಪ್ಪು ಮೂರೊಂದನ್ನು ಹುಡುಕಿಕೊಂಡು ಹೋಗಬೇಕು, ಉಳಿದದ್ದು ಬಿಳಿಯೇ. ಸ್ಕೇಲ್ ಚೇಂಜರಿನಲ್ಲಿ ಒಂದೇ ಷಡ್ಜಕ್ಕೆ ಅಂಟಿಕೊಂಡಿದ್ದಾಗ ಇದೊಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಪ್ಲರ್ ಬೇಕೇ? ನನಗೆ ಬೇಕು. ಒಂದು ಕೀ ಒತ್ತಿದರೆ ಇನ್ನೊಂದು ಸ್ಥಾಯಿಯ ಅದೇ ಸ್ವರವೂ ಸೇರಿಕೊಳ್ಳುತ್ತದೆ. ಇಪ್ಪತ್ತು ಜನ ತಾಳ ಕುಟ್ಟುವಾಗ ಅದಿಲ್ಲದೆ ಕೇಳಿಸುವುದಿಲ್ಲ. ಮೂರು ಸಾಲು ರೀಡಿನದ್ದು ಬೇಡ ಅನಿಸಿತು. ಎಡಗೈಗೆ ಗಾಳಿಯ ಕೆಲಸ ಜಾಸ್ತಿ.

ನಾನು ಕೊಟ್ಟದ್ದು 14,500. ಅದೇ ಅಂಗಡಿಯಲ್ಲಿ ಸ್ಕೇಲ್ ಚೇಂಜರ್ 30,000 ದಾಟಿತ್ತು. ತಿಂಗಳಿಗೊಂದು ಸಂಕಷ್ಟಿ, ವಾರಕ್ಕೊಂದು ಶನಿವಾರ ಅಂತ ಭಜನೆಗೆ ಕೂರುವ ನನ್ನಂಥವನಿಗೆ ಆ ವ್ಯತ್ಯಾಸದ ದುಡ್ಡಲ್ಲಿ ಒಂದು ಜೊತೆ ತಬಲ ಬರುತ್ತದೆ. ಊರೂರಿಗೆ ಹೋಗಿ ಗೊತ್ತಿಲ್ಲದ ಗಾಯಕರಿಗೆ ಸಾಥ್ ಕೊಡುವವರಾದರೆ, ಪೆಟ್ಟಿಗೆ ಇಡಲು ಒಣ ಕೋಣೆಯೂ ಇದ್ದರೆ, ಸ್ಕೇಲ್ ಚೇಂಜರ್ ತೆಗೆದುಕೊಳ್ಳಿ. ನಾನು ಜಗಳಕ್ಕೆ ಬರುವುದಿಲ್ಲ.

ಯಾವುದೇ ಆಗಲಿ, ಅಂಗಡಿಯಲ್ಲಿ ಹಾಡು ನುಡಿಸಿ ನೋಡಬೇಡಿ. ರೀಡಿನ ಸಾಲುಗಳಿಗೆ ಗಾಳಿ ಬಿಡುವ ಗುಬ್ಬಿಗಳನ್ನು, ಅಂದರೆ ಸ್ಟಾಪರ್‌ಗಳನ್ನು ಎಳೆದು, ಗಾಳಿ ತುಂಬಿ, ಕೀ ಒತ್ತದೆ ಕಾಯಿರಿ. ಗಾಳಿ ಬೇಗ ಇಳಿದರೆ ಎಲ್ಲೋ ಸೋರಿಕೆ ಇದೆ. ಆಮೇಲೆ ಒಂದು ಸಾಲು ರೀಡು ಮಾತ್ರ ತೆರೆದಿಟ್ಟು ಒಂದೊಂದೇ ಕೀ ಮೆಲ್ಲಗೆ ಒತ್ತಿ, ತಡವಾಗಿ ಬಾಯಿ ಬಿಡುವ ಸ್ವರ ಯಾವುದು ಅಂತ ಗಮನಿಸಿ. ಸಾಧ್ಯವಾದರೆ ಖರೀದಿಯನ್ನು ಜುಲೈಗೆ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಎಲ್ಲ ಪೆಟ್ಟಿಗೆಗಳೂ ಚೆನ್ನಾಗಿಯೇ ನುಡಿಯುತ್ತವೆ.