ಫೆರೆಟ್ ಬಾಲ ಬೋಳಾಗಿದೆಯಾ? ನಾಯಿಯ ಟೆಸ್ಟ್ ನಂಬಬೇಡಿ

ಅಮೆರಿಕದಲ್ಲಿ ಫೆರೆಟ್ (ಮುಂಗುಸಿಯಂತೆ ಉದ್ದ ಮೈಯ ಸಣ್ಣ ಸಾಕುಪ್ರಾಣಿ) ಸಾಕಿರುವ ಕನ್ನಡದವರು ಜಾಸ್ತಿ ಇರಲಿಕ್ಕಿಲ್ಲ. ಇರುವ ನಾಲ್ಕು ಜನಕ್ಕಾದರೂ ಇದು ತಲುಪಲಿ.

ನಾವಿರುವುದು ಟೆಕ್ಸಸ್‌ನಲ್ಲಿ. (ಕ್ಯಾಲಿಫೋರ್ನಿಯಾದಲ್ಲಿ ಫೆರೆಟ್ ಸಾಕುವುದೇ ಕಾನೂನಿಗೆ ವಿರುದ್ಧ.) ನಮ್ಮ ಚಿನ್ನಿಗೆ ನಾಲ್ಕು ವರ್ಷ ದಾಟಿದ ಮೇಲೆ ಬಾಲದ ಕೂದಲು ಉದುರತೊಡಗಿತು. ಆಮೇಲೆ ಸೊಂಟದ ಎರಡೂ ಕಡೆ ಒಂದೇ ಸಮ ಬೋಳಾಯಿತು. ತುರಿಕೆ ಬೇರೆ. ಮರಿಯಿದ್ದಾಗಲೇ ಸಂತಾನಹರಣದ ಆಪರೇಷನ್ ಆಗಿದ್ದರೂ, ಬೆದೆಗೆ ಬಂದ ಹೆಣ್ಣಿನಂತೆ ಅದರ ಯೋನಿ ಊದಿಕೊಂಡಿತ್ತು. ಅದನ್ನು ತೋರಿಸಿಯೇ ಕೇಳಿದೆವು. ದಿನವೂ ನಾಯಿ, ಬೆಕ್ಕು ನೋಡುವ ಕ್ಲಿನಿಕ್ ಅದು. ಅಡ್ರಿನಲ್ (ಮೂತ್ರಪಿಂಡದ ಪಕ್ಕದ ಹಾರ್ಮೋನು ಗ್ರಂಥಿ) ಕೆಟ್ಟಿದೆಯಾ ಎಂದು ನೋಡಲು ನಾಯಿಗೆ ಮಾಡುವ ಕಾರ್ಟಿಸಾಲ್ (ಆ ಗ್ರಂಥಿಯ ಒಂದು ಹಾರ್ಮೋನು) ಟೆಸ್ಟನ್ನೇ ಇದಕ್ಕೂ ಮಾಡಿದರು. ನಾರ್ಮಲ್ ಬಂತು. "ಅಡ್ರಿನಲ್ ಸರಿಯಾಗಿದೆ, ಸೀಸನ್‌ಗೆ ಕೂದಲು ಉದುರುತ್ತೆ" ಎಂದು ಶ್ಯಾಂಪೂ ಕೊಟ್ಟು ಕಳಿಸಿದರು. ಬಿಲ್ ಮಾತ್ರ ನಾರ್ಮಲ್ ಇರಲಿಲ್ಲ.

ಆ ಟೆಸ್ಟ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾಯಿಗೆ ಅಡ್ರಿನಲ್ ಕೆಟ್ಟರೆ ಏರುವುದು ಕಾರ್ಟಿಸಾಲ್. ಫೆರೆಟ್‌ಗೆ ಸಾಮಾನ್ಯವಾಗಿ ಏರುವುದು ಲೈಂಗಿಕ ಹಾರ್ಮೋನುಗಳು, ಅಂದರೆ ಈಸ್ಟ್ರೋಜನ್ ಮತ್ತು ಅದರ ಬಳಗ. ಅಮೆರಿಕದ ಅಂಗಡಿಗಳಿಗೆ ಬರುವ ಮರಿಗಳಿಗೆ ಸುಮಾರು 6 ವಾರಕ್ಕೇ ಸಂತಾನಹರಣ ಆಗಿರುತ್ತದೆ. ಅಂಡಾಶಯ ಇಲ್ಲದಾಗ ಮೆದುಳಿಗೆ "ಸಾಕು" ಎನ್ನುವ ಸೂಚನೆ ಹೋಗುವುದಿಲ್ಲ. ಅದು ಹಾರ್ಮೋನು ಕಳಿಸುತ್ತಲೇ ಇರುತ್ತದೆ, ಅಡ್ರಿನಲ್ ಅದನ್ನು ಕೇಳಿಸಿಕೊಂಡು ಬೆಳೆಯುತ್ತದೆ, ಕೆಲವೊಮ್ಮೆ ಗಡ್ಡೆಯಾಗುತ್ತದೆ.

ಕೂದಲು ಹೋದರೆ ಹೋಗಲಿ. ಅಪಾಯ ಇರುವುದು ರಕ್ತದಲ್ಲಿ. ಈಸ್ಟ್ರೋಜನ್ ತುಂಬಾ ದಿನ ಹೆಚ್ಚಾಗಿದ್ದರೆ ಮೂಳೆಯೊಳಗಿನ ಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸುತ್ತದೆ. ಆಪರೇಷನ್ ಆಗದ ಹೆಣ್ಣು ಗಂಡಿನ ಜೊತೆ ಸೇರದೆ ಬೆದೆಯಲ್ಲೇ ಉಳಿದರೂ ಹೀಗಾಗುತ್ತದೆ. ಅವುಗಳಲ್ಲೇ ಇದು ಜಾಸ್ತಿ. ಅಡ್ರಿನಲ್‌ನಿಂದ ಇಷ್ಟು ದೂರ ಹೋಗುವುದು ಕಡಿಮೆ, ಆದರೆ ಚಿನ್ನಿಗೆ ಆಯಿತು. ಸುಮ್ನೆ ಮಲಗಿರುತ್ತಿತ್ತು, ಹಿಂಗಾಲು ಎಳೆಯುತ್ತಿತ್ತು. ವಸಡು ಬಿಳಿಚಿತ್ತು, ಹೊಟ್ಟೆಯ ಚರ್ಮದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದವು.

ಫೆರೆಟ್ ಬಲ್ಲ ಇನ್ನೊಬ್ಬ ಡಾಕ್ಟರ್ ಮೊದಲು ನೋಡಿದ್ದೇ ವಸಡನ್ನು. ರಕ್ತದಲ್ಲಿ ಕೆಂಪು ಕಣಗಳ ಪಾಲು ಸಾಮಾನ್ಯವಾಗಿ ಶೇ. 40ರ ಮೇಲಿರಬೇಕು, ಇದಕ್ಕೆ 20 ಕೂಡ ಇರಲಿಲ್ಲ. ಸ್ಕ್ಯಾನ್‌ನಲ್ಲಿ ಎಡ ಅಡ್ರಿನಲ್ ದಪ್ಪವಾಗಿತ್ತು. ಫೆರೆಟ್‌ಗಳಲ್ಲಿ ನಮ್ಮ ಹಾಗೆ ರಕ್ತದ ಗುಂಪುಗಳು ಕಂಡುಬಂದಿಲ್ಲವಂತೆ, ಹಾಗಾಗಿ ಮನೆಯ ಇನ್ನೊಂದು ಫೆರೆಟ್ ಬಂಟನ ರಕ್ತ ಕೊಟ್ಟರು. ಗಡ್ಡೆ ತೆಗೆಯಲು ಅರಿವಳಿಕೆ ಕೊಡುವ ಸ್ಥಿತಿ ಇರಲಿಲ್ಲ. ಡೆಸ್ಲೊರೆಲಿನ್ ಇಂಪ್ಲಾಂಟ್ (ಲೈಂಗಿಕ ಹಾರ್ಮೋನು ಇಳಿಸಲು ಚರ್ಮದಡಿ ಇಡುವ ಔಷಧ) ಹಾಕಿದರು, ಆದರೆ ಅದು ಕೆಲಸ ಶುರು ಮಾಡಲು ವಾರಗಳೇ ಬೇಕು. ಮಜ್ಜೆ ಮತ್ತೆ ಎದ್ದೇಳಲಿಲ್ಲ. ಚಿನ್ನಿ ಹೋಯಿತು.

ಹಾಗಾಗಿ ಆಪರೇಷನ್ ಆದ ಹೆಣ್ಣಿನ ಯೋನಿ ಊದಿದ್ದರೆ ಶ್ಯಾಂಪೂ ತಗೊಂಡು ವಾಪಸ್ ಬರಬೇಡಿ. ಅಡ್ರಿನಲ್ ಸ್ಕ್ಯಾನ್, ಲೈಂಗಿಕ ಹಾರ್ಮೋನುಗಳ ಟೆಸ್ಟ್, ಪೂರ್ತಿ ರಕ್ತಪರೀಕ್ಷೆ, ಮೂರನ್ನೂ ಕೇಳಿ. ಆಪರೇಷನ್‌ನಲ್ಲಿ ಅಂಡಾಶಯದ ಚೂರು ಉಳಿದಿದ್ದರೂ ಹೀಗಾಗಬಹುದು, ಅದನ್ನೂ ನೋಡಲಿ. ಮೆಲಟೋನಿನ್ ಎಂಬ ಹಾರ್ಮೋನು ಕೊಟ್ಟರೆ ಕೂದಲು ವಾಪಸ್ ಬರಬಹುದು. ಅದನ್ನು ನೋಡಿ ವಾಸಿಯಾಯಿತು ಅಂದುಕೊಳ್ಳಬೇಡಿ, ಒಳಗೆ ಗಡ್ಡೆ ಬೆಳೆಯುತ್ತಿರಬಹುದು.

ಬಂಟನಿಗೆ ಈಗ ಇಂಪ್ಲಾಂಟ್ ಹಾಕಿಸಿದ್ದೇವೆ. ಗಂಡಿನಲ್ಲಿ ಇದೇ ಕಾಯಿಲೆಗೆ ಪ್ರಾಸ್ಟೇಟ್ (ಮೂತ್ರನಾಳದ ಸುತ್ತಲಿನ ಗ್ರಂಥಿ) ಊದಿ ಮೂತ್ರ ಕಟ್ಟಬಹುದು. ಮುಕ್ಕುತ್ತಾ ಹನಿ ಹನಿ ಮಾಡುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ. ಹೊರಡುವ ಮೊದಲು ಫೋನ್ ಮಾಡಿ, ಫೆರೆಟ್ ನೋಡುವವರು ಅಲ್ಲಿದ್ದಾರಾ ಎಂದು ಕೇಳಿಕೊಳ್ಳಿ.