ಮಳೆ ಹಿಡಿದ ದಿನ ಮೈಸೂರಿನಲ್ಲಿ ಮೊದಲು ಎಲ್ಲಿಗೆ? ಅರಮನೆ, ಜಗನ್ಮೋಹನ, ರೇಷ್ಮೆ ಕಾರ್ಖಾನೆ, ಮಾರುಕಟ್ಟೆ

ಮೈಸೂರಿಗೆ ಬಂದವರು ಮಳೆ ಹಿಡಿದ ಕೂಡಲೇ ಅರಮನೆ ಕಡೆಗೆ ಆಟೋ ಹತ್ತುತ್ತಾರೆ. ಬೆಟ್ಟದ ಮೇಲೆ ಮಂಜು, ಮೃಗಾಲಯಕ್ಕೆ ಹೋದರೆ ನೆನೆಯಬೇಕು, ಬೃಂದಾವನದ ಮಾತೇ ಬೇಡ. ಹಾಗಾಗಿ ಸೂರಿರುವ ದೊಡ್ಡ ಜಾಗವೆಂದರೆ ಅರಮನೆಯೇ ಎಂಬ ಲೆಕ್ಕ. ಈ ಲೆಕ್ಕ ತಪ್ಪು. ಮಳೆಯಲ್ಲಿ ಅರಮನೆ ಕಳೆದುಕೊಳ್ಳುವಷ್ಟನ್ನು ಊರಿನ ಬೇರೆ ಯಾವ ಒಳಾಂಗಣವೂ ಕಳೆದುಕೊಳ್ಳುವುದಿಲ್ಲ. ಮಳೆಗಾಲದ ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಈ ನಾಲ್ಕು ಜಾಗಗಳನ್ನೂ ನೋಡಿ ಹೋಲಿಸಿದ ಮೇಲೆ ನಮ್ಮ ಸಾಲು ಹೀಗಿದೆ: ಮೊದಲು ರೇಷ್ಮೆ ಕಾರ್ಖಾನೆ, ಆಮೇಲೆ ಜಗನ್ಮೋಹನ ಅರಮನೆ, ಹನಿ ನಿಂತಾಗ ದೇವರಾಜ ಮಾರುಕಟ್ಟೆ, ಕೊನೆಗೆ ಅರಮನೆ. ಈ ಸಾಲನ್ನು ನಿರ್ಧರಿಸಿದ್ದು ಎರಡೇ ಸಂಗತಿ. ನೋಡುವ ವಸ್ತುವಿಗೆ ಎಷ್ಟು ಬೆಳಕು ಬೇಕು, ಕಾಲಲ್ಲಿ ಚಪ್ಪಲಿ ಇರುತ್ತದೋ ಇಲ್ಲವೋ.

ಮೊದಲು ಯಾವ ಮಳೆ ಎಂದು ನೋಡಿಕೊಳ್ಳಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಬೀಳುವುದು ಹೆಚ್ಚಾಗಿ ಸೋನೆ. ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಕೊಡೆ ಇದ್ದರೆ ಓಡಾಡಬಹುದು. ಮೇ ತಿಂಗಳಲ್ಲೂ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೂ ಬರುವುದು ಗುಡುಗು ಮಳೆ. ಬೆಳಗ್ಗೆ ಬಿಸಿಲಿರುತ್ತದೆ, ಮಧ್ಯಾಹ್ನ ಮೂರು ನಾಲ್ಕರ ಮೇಲೆ ಒಂದೇ ಸಮನೆ ಸುರಿಯುತ್ತದೆ. ಸೋನೆ ದಿನಕ್ಕೆ ಹಾಕಿದ ಯೋಜನೆ ಗುಡುಗು ಮಳೆಯ ದಿನಕ್ಕೆ ಹೊಂದುವುದಿಲ್ಲ.

ಅರಮನೆ ಯಾಕೆ ಹಿಂದೆ ಬಿತ್ತೆಂದು ಹೇಳಬೇಕು, ಯಾಕೆಂದರೆ ಅದರ ಒಳಗಿರುವುದು ಸಾಮಾನ್ಯವಾದದ್ದಲ್ಲ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡ ಇದು. ಒಳಗಿನ ಕಿರೀಟವೆಂದರೆ ಎಂಟು ಮೂಲೆಯ ಕಲ್ಯಾಣ ಮಂಟಪ. ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳು, ತಲೆಯ ಮೇಲೆ ನವಿಲುಗಳಿರುವ ಬಣ್ಣದ ಗಾಜಿನ ಚಾವಣಿ. ಈ ಚಾವಣಿಗೆ ಬೆಳಕು ಬರುವುದು ಮೇಲಿನಿಂದ, ಅಂದರೆ ಆಕಾಶದಿಂದ. ಮೋಡ ಕವಿದರೆ ನೀಲಿ, ಹಸಿರು ಗಾಜು ಮಂಕಾಗಿ ಬೂದು ಬಣ್ಣಕ್ಕೆ ಇಳಿಯುತ್ತದೆ. ಅದೇ ಮಂಟಪದ ಸುತ್ತ ಗೋಡೆಯಲ್ಲಿರುವ ದಸರಾ ಮೆರವಣಿಗೆಯ 26 ಚಿತ್ರಗಳಿಗೆ ಮೋಡದಿಂದ ಅಷ್ಟು ತೊಂದರೆಯಿಲ್ಲ. ಮಳೆ ದಿನ ಹೋದರೆ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲಿ. ಮೇಲಿನ ದರ್ಬಾರ್ ಹಾಲ್ ಪೂರ್ವಕ್ಕೆ, ಮೈದಾನದ ಕಡೆಗೆ ತೆರೆದುಕೊಂಡಿದೆ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವಾಗ ಪರವಾಗಿಲ್ಲ, ಗಾಳಿ ಪೂರ್ವಕ್ಕೆ ತಿರುಗಿದರೆ ಎರಚಲು ಒಳಗೆ ಬೀಳುತ್ತದೆ.

ಎರಡನೆಯದು ಕಾಲಿನ ಸಮಸ್ಯೆ. ಚಪ್ಪಲಿಯನ್ನು ಹೊರಗಿನ ಸ್ಟ್ಯಾಂಡಿನಲ್ಲಿ ಬಿಡಬೇಕು. ಅಲ್ಲಿಂದ ಬಾಗಿಲವರೆಗೆ ನೆನೆದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬೇಕು, ಒಳಗೆ ನುಣುಪು ನೆಲ. ಸಾವಿರಾರು ಒದ್ದೆ ಕಾಲುಗಳು ಓಡಾಡಿದ ಆ ನೆಲದಲ್ಲಿ ವಯಸ್ಸಾದವರು ಜಾರುವುದು ಮೆಟ್ಟಿಲ ಹತ್ತಿರ. ಕೈಹಿಡಿಯ ಬದಿಯಲ್ಲೇ ಇಳಿಸಿ. ಕಾಲುಚೀಲ ಹಾಕಿಕೊಂಡು ಹೋಗುವುದು ಸರಿಯಲ್ಲ. ಒದ್ದೆ ಕಾಲುಚೀಲ ಬರಿಗಾಲಿಗಿಂತ ಹೆಚ್ಚು ಜಾರುತ್ತದೆ, ಆಮೇಲೆ ದಿನವಿಡೀ ಶೂ ಒಳಗೆ ಒದ್ದೆಯಾಗಿಯೇ ಇರುತ್ತದೆ. ಅದನ್ನು ಬಿಚ್ಚಿ ಚೀಲದಲ್ಲಿಟ್ಟು, ಒಂದು ಸಣ್ಣ ಟವೆಲ್ ಇಟ್ಟುಕೊಳ್ಳಿ. ಇದೆಲ್ಲಕ್ಕೂ ಮಿಗಿಲಾಗಿ ಜನ. ಊರಿನ ಪ್ರವಾಸಿಗಳೆಲ್ಲ ಅದೇ ಲೆಕ್ಕ ಹಾಕಿ ಅಲ್ಲಿಗೇ ಬಂದಿರುತ್ತಾರೆ. ಸಾಲು ತಳ್ಳಿಕೊಂಡು ಹೋಗುತ್ತಿರುತ್ತದೆ; ಖಾಸಗಿ ದರ್ಬಾರಿನ ಹಾಲ್ ಆಗಿದ್ದ ಅಂಬಾವಿಲಾಸದ ಬಾಗಿಲಲ್ಲಿ ಬೀಟೆ ಮರದೊಳಗೆ ಕೂರಿಸಿದ ದಂತದ ಕುಸುರಿಯನ್ನು ನಿಂತು ನೋಡಲು ಆಗುವುದಿಲ್ಲ. ಒಂದೇ ದಿನಕ್ಕೆ ಬಂದವರು ಬಿಡಲಾಗದು, ನಿಜ. ಅವರು ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವಾಗಲೇ ಒಳಗಿರಬೇಕು.

ಮಾನಂದವಾಡಿ ರಸ್ತೆಯ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಈ ಯಾವ ತೊಂದರೆಯೂ ಇಲ್ಲ. ಕಾಲಲ್ಲಿ ಚಪ್ಪಲಿ ಇರುತ್ತದೆ, ದೀಪದ ಬೆಳಕಲ್ಲಿ ನಡೆಯುವ ಕೆಲಸ, ನೆತ್ತಿಯ ಮೇಲೆ ಭದ್ರವಾದ ಸೂರು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ಮಗ್ಗಗಳಿಂದ ಶುರುವಾದ ಕಾರ್ಖಾನೆ ಇದು, ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆ.ಎಸ್‌.ಐ.ಸಿ. ಕೈಯಲ್ಲಿದೆ. ಗೇಟಿನಲ್ಲಿ ಪಾಸ್ ತೆಗೆದುಕೊಂಡು ಒಳಗೆ ಹೋಗಬೇಕು. ಫೋಟೋ ತೆಗೆಯುವಂತಿಲ್ಲ, ಫೋನ್ ಜೇಬಿನಲ್ಲೇ ಇರಲಿ.

ಹೆಚ್ಚಿನವರು ಮಗ್ಗದ ಮುಂದೆ ಐದು ನಿಮಿಷ ನಿಂತು ಹೊರಟುಬಿಡುತ್ತಾರೆ. ನೋಡಬೇಕಾದದ್ದು ಮಗ್ಗದ ಹಿಂದೆಯೂ ಇದೆ, ಮುಂದೆಯೂ ಇದೆ. ಮೊದಲು ನೂಲನ್ನು ಸುತ್ತುವ, ಎಳೆಗಳನ್ನು ಜೋಡಿಸುವ, ಹುರಿ ಹಾಕುವ ಯಂತ್ರಗಳಿವೆ. ಹುರಿಯೇ ಇಲ್ಲಿನ ಗುಟ್ಟು. ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲಿಗೆ ಬಹಳ ಗಟ್ಟಿಯಾಗಿ ಹುರಿ ಹಾಕುತ್ತಾರೆ, ಕೆಲವಕ್ಕೆ ಬಲಕ್ಕೆ, ಕೆಲವಕ್ಕೆ ಎಡಕ್ಕೆ. ನೇಯುವಾಗ ಅವು ಸರದಿಯಲ್ಲಿ ಹೋಗುತ್ತವೆ. ಮಗ್ಗದಿಂದ ಇಳಿದ ಸೀರೆಯನ್ನು ಮುಟ್ಟಿದರೆ ನಿರಾಸೆಯಾಗುತ್ತದೆ: ಒರಟು, ಬಿರುಸು, ಹೊಳಪಿಲ್ಲ. ರೇಷ್ಮೆ ಹುಳು ಸುತ್ತಿದ ಅಂಟು ಇನ್ನೂ ಅದರಲ್ಲೇ ಇದೆ. ಸಾಬೂನಿನ ಬಿಸಿನೀರಲ್ಲಿ ಹಾಕಿದಾಗ ಆ ಅಂಟು ಕರಗುತ್ತದೆ, ತೂಕದಲ್ಲಿ ಸುಮಾರು ಕಾಲುಭಾಗ ಹೋಗಿಬಿಡುತ್ತದೆ. ಅಂಟಿನ ಹಿಡಿತ ತಪ್ಪಿದೊಡನೆ ಹುರಿ ಬಿಚ್ಚಿಕೊಳ್ಳಲು ಎಳೆದಾಡುತ್ತದೆ, ಎಡದ ಹುರಿ ಒಂದು ಕಡೆಗೆ, ಬಲದ ಹುರಿ ಇನ್ನೊಂದು ಕಡೆಗೆ. ಆ ಎಳೆದಾಟದಲ್ಲಿ ಬಟ್ಟೆ ಸಣ್ಣಗೆ ಕುಗ್ಗಿ ಮೈಸೂರು ಕ್ರೇಪಿನ ಆ ಮೃದು ಸುಕ್ಕು ಬರುತ್ತದೆ. ಬಣ್ಣ ಹಾಕುವುದು ಇದಾದ ಮೇಲೆ. ಜರಿಯ ಲೆಕ್ಕ ಕೇಳಿದರೆ ಹೇಳುತ್ತಾರೆ: ಶೇ 65 ಬೆಳ್ಳಿ, ಶೇ 0.65 ಚಿನ್ನ. ಇದನ್ನು ಕಣ್ಣಾರೆ ಕಂಡವರಿಗೆ ಅಂಗಡಿಯಲ್ಲಿ ಕೈಗೆ ಸಿಗುವ ಹೆಚ್ಚಿನ ಸೀರೆಗಳ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಏನು ಎಡವಟ್ಟಾಗುತ್ತದೆ? ಭಾನುವಾರ ಮತ್ತು ಸರ್ಕಾರಿ ರಜೆಯಲ್ಲಿ ಕಾರ್ಖಾನೆ ಇಲ್ಲ. ಊಟದ ಹೊತ್ತಿಗೆ ಹೋದರೆ ಮಗ್ಗ ನಿಂತಿರುತ್ತವೆ, ಗೋಡೆ ನೋಡಿಕೊಂಡು ಬರಬೇಕು. ಬೆಳಗ್ಗೆ ಹತ್ತರಿಂದ ಹನ್ನೊಂದೂವರೆ ಒಳಗೆ ಹೋಗುವುದು ಲೇಸು. ಸದ್ದು ಬಹಳ. ಎರಡು ಮೂರು ವರ್ಷದ ಮಕ್ಕಳು ಅಳುತ್ತಾರೆ, ಕಿವಿಗೆ ಹತ್ತಿ ಇಡಿ. ಸೀರೆಯ ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯಿರಿ. ಸೀರೆ ಕೊಳ್ಳುವುದಿದ್ದರೆ ಅದನ್ನು ಬೇರೆ ಕೆಲಸವೆಂದೇ ಇಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ಎರಡೂ ಆಗುವುದಿಲ್ಲ.

ಮಧ್ಯಾಹ್ನಕ್ಕೆ ಜಗನ್ಮೋಹನ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಈ ಅರಮನೆ 1915ರಿಂದ ಚಿತ್ರಶಾಲೆ. ದೊಡ್ಡ ಅರಮನೆಯಿಂದ ಪಶ್ಚಿಮಕ್ಕೆ ನಡೆದೇ ಹೋಗುವಷ್ಟು ದೂರ. ಮೋಡದ ಬೆಳಕು ಇಲ್ಲಿ ನಷ್ಟವಲ್ಲ, ಲಾಭ. ರವಿವರ್ಮನ ತೈಲಚಿತ್ರಗಳ ಮೇಲಿನ ವಾರ್ನಿಷ್ ಬಿಸಿಲಿನ ದಿನ ಕಿಟಕಿಯನ್ನು ಪ್ರತಿಫಲಿಸುತ್ತದೆ, ಚಿತ್ರ ಕಾಣಲು ಅತ್ತಿತ್ತ ಸರಿಯುತ್ತಿರಬೇಕಾಗುತ್ತದೆ. ಮಳೆ ಮೋಡದಲ್ಲಿ ಆ ಹೊಳಪು ಇಳಿದು, ರೇಷ್ಮೆ ಸೀರೆಯ ಮಡಿಕೆಯಲ್ಲಿ ಅವನು ಇಟ್ಟ ನೆರಳು ನೇರವಾಗಿ ಕಾಣುತ್ತದೆ. ದೀಪ ಹಿಡಿದ ಹೆಂಗಸಿನ ಪ್ರಸಿದ್ಧ ಚಿತ್ರವನ್ನು ಕತ್ತಲು ಮಾಡಿ ತೋರಿಸುವುದು ರೂಢಿ. ಅದು ರವಿವರ್ಮನದು ಎಂದು ಪಕ್ಕದವರು ಹೇಳುವುದು ಕೇಳಿಸುತ್ತದೆ, ಅಲ್ಲ, ಎಸ್‌.ಎಲ್‌. ಹಳದಣಕರ್ ತಮ್ಮ ಮಗಳನ್ನು ನಿಲ್ಲಿಸಿ ಬರೆದ ಜಲವರ್ಣ. ಜಲವರ್ಣದಲ್ಲಿ ತಪ್ಪಿದ್ದನ್ನು ಎಣ್ಣೆ ಬಣ್ಣದಂತೆ ಮುಚ್ಚಿಹಾಕಲು ಬರುವುದಿಲ್ಲ, ಬೆಳಕು ಬೇಕಾದ ಕಡೆ ಕಾಗದದ ಬಿಳಿಯನ್ನು ಉಳಿಸಿಕೊಂಡೇ ಬರಬೇಕು. ಬೆರಳ ಸಂದಿನಲ್ಲಿ ಸೋರುವ ಆ ಕೆಂಪನ್ನು ನೋಡುವಾಗ ಇದು ನೆನಪಿರಲಿ.

ಮೈಸೂರು ಸಂಪ್ರದಾಯದ ಚಿತ್ರಗಳ ಮುಂದೆ ಪಕ್ಕಕ್ಕೆ ನಿಂತು ಓರೆಯಾಗಿ ನೋಡಿ. ಚಿನ್ನದ ರೇಕಿನ ಕೆಳಗಿನ ಉಬ್ಬು ಕೆಲಸ ತಂಜಾವೂರಿನದಕ್ಕಿಂತ ಎಷ್ಟು ತೆಳು ಎಂಬುದು ಎದುರಿನಿಂದ ತಿಳಿಯುವುದಿಲ್ಲ. ಮುಮ್ಮಡಿಯವರ ಗಂಜೀಫ ಎಂಬ ಇಸ್ಪೀಟಿನಂಥ ಆಟದ ಎಲೆಗಳು ಸಣ್ಣವು, ಅವಸರದಲ್ಲಿ ದಾಟಿಹೋಗುತ್ತವೆ. ಕಟ್ಟಡ ಹಳೆಯದು, ದುರಸ್ತಿಗೆಂದು ಕೆಲವು ಕೋಣೆ ಮುಚ್ಚಿರುವುದುಂಟು. ಟಿಕೆಟ್ ಕೊಳ್ಳುವ ಮುಂಚೆ ದೀಪದ ಚಿತ್ರ ತೆರೆದಿದೆಯೇ ಎಂದು ಕೇಳಿ. ಎರಡು ಗಂಟೆ ಬೇಕು. ಮಕ್ಕಳಿಗೆ ಅರ್ಧ ಗಂಟೆಗೆ ಬೇಸರ ಬರುತ್ತದೆ. ಚಿಕ್ಕವರಿದ್ದರೆ ಕಾರಂಜಿ ಕೆರೆಯ ದಂಡೆಯ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋಗಿ, ಸೋಮವಾರ ಬಿಟ್ಟು.

ದೇವರಾಜ ಮಾರುಕಟ್ಟೆಯನ್ನು ಒಳಾಂಗಣ ಎಂದು ಎಣಿಸುವವರಿದ್ದಾರೆ. ಅರ್ಧ ಮಾತ್ರ ನಿಜ. ಅಂಗಡಿಗಳಿಗೆ ಸೂರಿದೆ, ಓಣಿಗಳ ಮೇಲೆ ಅಲ್ಲಲ್ಲಿ ಶೀಟು, ಟಾರ್ಪಾಲು. ಎರಡರ ನಡುವೆ ಸಂದಿದೆ, ಆ ಸಂದಿನಿಂದ ನೀರು ಕತ್ತಿನ ಹಿಂದೆಯೇ ಬೀಳುತ್ತದೆ. ಬಾಳೆಸಿಪ್ಪೆ, ಹೂವಿನ ಕಸ, ಕೆಸರು ಸೇರಿ ಓಣಿ ಜಾರುತ್ತದೆ. ಕುಂಕುಮದ ಗುಡ್ಡೆಗಳನ್ನು ಜೋರು ಮಳೆಯಲ್ಲಿ ಪ್ಲಾಸ್ಟಿಕ್ಕಿನಡಿ ಮುಚ್ಚಿಬಿಡುತ್ತಾರೆ, ಫೋಟೋಗೆಂದು ಬಂದವರಿಗೆ ಅದು ಸಿಗುವುದಿಲ್ಲ. ಆದರೆ ಹನಿ ನಿಂತ ಅರ್ಧ ಗಂಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆಯ ವಾಸನೆ ಆ ತೇವದಲ್ಲಿ ನಿಂತಲ್ಲೇ ನಿಲ್ಲುತ್ತದೆ. ಒಣಗಿದ ದಿನ ಹೀಗಾಗದು. ಸೋನೆ ದಿನ ಹೋಗಿ, ಗುಡುಗು ಮಳೆಯ ದಿನವಾದರೆ ಬೆಳಗ್ಗೆಯೇ ಮುಗಿಸಿ. ಈ ಕಟ್ಟಡದ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿದಿತ್ತು. ಮಳೆ ರಭಸವಾಗಿದ್ದಾಗ ಹಳೆಯ ಕಮಾನುಗಳ ಕೆಳಗೆ ಆಶ್ರಯ ಪಡೆಯಬೇಡಿ, ರಸ್ತೆ ಬದಿಯ ಅಂಗಡಿಗೆ ಬನ್ನಿ.

ಉಳಿದವು ಬೇಗ. ಸಂತ ಫಿಲೋಮಿನಾ ಚರ್ಚಿನ ಬಣ್ಣದ ಗಾಜಿಗೂ ಕಲ್ಯಾಣ ಮಂಟಪದ ಕಷ್ಟವೇ, ಬಿಸಿಲಿಗೆ ಬಿಡಿ. ರೈಲ್ವೆ ಮ್ಯೂಸಿಯಂ ಚೆನ್ನಾಗಿದೆ, ಆದರೆ ಇಂಜಿನ್‌ಗಳೆಲ್ಲ ಬಯಲಲ್ಲಿ. ಮಹಾರಾಣಿಯ ಸಲೂನ್, ಅಂದರೆ ಅವರ ರೈಲು ಬೋಗಿ, ನೋಡಲಾದರೂ ಅಂಗಳ ದಾಟಬೇಕು.

ಭಾನುವಾರ ಮಳೆ ಬಂದರೆ ಕಾರ್ಖಾನೆ ಬಿಟ್ಟುಹೋಗುತ್ತದೆ. ಆಗ ಬೆಳಗ್ಗೆ ಜಗನ್ಮೋಹನ, ಮಧ್ಯಾಹ್ನ ಊಟ, ಮಳೆ ಬಿಟ್ಟರೆ ಮಾರುಕಟ್ಟೆ. ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಸುಮಾರು ಒಂದು ಲಕ್ಷ ಬಲ್ಬು. ಮಳೆ ರಭಸವಾಗಿದ್ದರೆ ದೀಪ ಹತ್ತದೆಯೂ ಇರಬಹುದು. ಆರೂವರೆಗೆ ಮಳೆ ನಿಂತಿದ್ದರೆ ಮಾತ್ರ ಹೊರಡಿ, ಮುಂದಿನ ಅಂಗಳದಲ್ಲಿ ನೀರು ನಿಂತ ಜಾಗ ಹುಡುಕಿ ಅದರ ಹಿಂದೆ ನಿಲ್ಲಿ. ಅರಮನೆ ಎರಡಾಗಿ ಕಾಣುವುದು ಮಳೆ ಬಂದ ದಿನ ಮಾತ್ರ.